ಅರ್ಧ ಪೆಟ್ಟು ತಡ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಕಟ್ಟಿದವನು ನಮ್ಮ ಊರಿಗೆ ಬಂದವನಲ್ಲ. ಮುತ್ತಿನ ವಿಷಯ ನನಗೆ ಗೊತ್ತಿಲ್ಲ, ಇಲ್ಲಿ ಮುತ್ತು ಇಟ್ಟುಕೊಂಡವರು ಕಡಿಮೆ. ಮಾತು ಮಾತ್ರ ಆಡಿದ ಕೂಡಲೇ ಹೋಗುವುದಿಲ್ಲ. ಇವತ್ತು ನಾಲ್ಕು ಗಂಟೆಗೆ ಆಡಿದ್ದು ನಾಳೆ ನಾಲ್ಕು ಗಂಟೆಗೆ, ಆಡಿದ ಜಾಗದಲ್ಲೇ, ಅದೇ ದನಿಯಲ್ಲಿ, ಕೆಮ್ಮು ಬಿಕ್ಕಳಿಕೆ ಸಮೇತ ಇನ್ನೊಮ್ಮೆ ಕೇಳಿಸುತ್ತದೆ. ಆಮೇಲೆ ಹೋಗುತ್ತದೆ. ಮಾತಿಗಷ್ಟೇ ಅಲ್ಲ, ಬಿದ್ದ ಕೊಡಕ್ಕೂ ಬೊಗಳಿದ ನಾಯಿಗೂ ಇದೇ ಕಾನೂನು.

ಹೀಗಾಗಿ ನಮ್ಮಲ್ಲಿ ಗಡಿಯಾರ ರಿಪೇರಿಯವನಿಗೆ ಡಾಕ್ಟರರಿಗಿಂತ ಹೆಚ್ಚು ಮರ್ಯಾದೆ. ಶಾಲೆಯಲ್ಲಿ ಸೋಮವಾರದ ಪಾಠ ಮಂಗಳವಾರ ತಾನಾಗಿಯೇ ನಡೆಯುತ್ತದೆ, ಮೇಷ್ಟರು ಚಹಾ ಕುಡಿಯುತ್ತಾ ಕೂರುತ್ತಾರೆ. ನನ್ನ ಅವ್ವ ನನಗೆ ಬೈಯುತ್ತಿದ್ದುದು ದಿನ ಬಿಟ್ಟು ದಿನ, ನಡುವಿನ ದಿನ ಅವಳಿಗೆ ವಿಶ್ರಾಂತಿ. ನಮ್ಮದು ಮೈಕ್ ಸೆಟ್ ಬಾಡಿಗೆಯ ಅಂಗಡಿ, ‘ಪತ್ತಾರ ಸೌಂಡ್ ಸರ್ವಿಸ್’. ಅಪ್ಪ ನಡೆಸುತ್ತಿದ್ದರು, ಈಗ ನಾನು ನಡೆಸುತ್ತೇನೆ. ಬೇರೆ ಊರಿನವರು ಮದುವೆಗೆ ಮಂಟಪವನ್ನು ಒಂದು ದಿನಕ್ಕೆ ಹಿಡಿದರೆ ನಮ್ಮವರು ಎರಡು ದಿನಕ್ಕೆ ಹಿಡಿಯುತ್ತಾರೆ. ಇಲ್ಲದಿದ್ದರೆ ಒಬ್ಬರ ಮದುವೆಯ ವಾಲಗ ಇನ್ನೊಬ್ಬರ ತಾಳಿಯ ಹೊತ್ತಿಗೆ ಊದಿಬಿಡುತ್ತದೆ.

ಇನ್ನೊಂದು ಪದ್ಧತಿಯನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾಡಿದ ಎಡವಟ್ಟು ಅದರಿಂದಲೇ ಆದದ್ದು. ಯಾರಾದರೂ ಆಡಬಾರದ ಮಾತಾಡಿದರೆ, ಅಥವಾ ತಡೆಯಲಾರದೆ ಗೋಳೋ ಎಂದು ಅತ್ತರೆ, ಮರುದಿನ ಅದೇ ಹೊತ್ತಿಗೆ ನೆರೆಹೊರೆಯವರು ತಾಟು ಸೌಟು ಹಿಡಿದುಕೊಂಡು ಆ ಜಾಗಕ್ಕೆ ಬಂದು ಬಡಿಯುತ್ತಾರೆ. ಆ ಸದ್ದಿನಲ್ಲಿ ಹಳೆಯ ಅಳು ಮುಚ್ಚಿಹೋಗುತ್ತದೆ. ಯಾರೂ ಕರೆಯಬೇಕಾಗಿಲ್ಲ, ಬರುವುದು ಮರ್ಯಾದೆ. ದೊಡ್ಡ ಸಂಕಟವಾದರೆ ‘ನಾಳೆ ಇಷ್ಟು ಗಂಟೆಗೆ ಇಂಥಲ್ಲಿಗೆ ಬರ್ರಿ’ ಎಂದು ಊರಲ್ಲಿ ಸಾರಿಸುವುದೂ ಉಂಟು. ನಗು ಎರಡು ಸಲ ಬರಲಿ, ಅಳು ಒಂದೇ ಸಲಕ್ಕೆ ಮುಗಿಯಲಿ, ಇದು ನಮ್ಮ ಹಿರಿಯರ ಮಾತು.

ನನಗೆ ಹದಿನಾಲ್ಕು ವರ್ಷವಾಗಿದ್ದಾಗ ಜರ್ಮನಿಯಿಂದ ಉಲ್‌ರಿಕೆ ಎಂಬ ಹುಡುಗಿ ಕನ್ನಡ ಕಲಿಯಲು ಬಂದು ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಆರು ತಿಂಗಳು ಇದ್ದಳು. ಉದ್ದನೆಯ ಹುಡುಗಿ, ಬೇಸಿಗೆಯಲ್ಲೂ ಕಪ್ಪು ಬಟ್ಟೆ. ಅವಳ ಕನ್ನಡ ಪುಸ್ತಕದ್ದು. ಅವ್ವ ರೊಟ್ಟಿ ಬಡಿಸಿದರೆ ‘ಇದು ಅತ್ಯಂತ ರುಚಿಕರವಾಗಿದೆ’ ಎನ್ನುತ್ತಿದ್ದಳು, ಮರುದಿನ ಅಡುಗೆಮನೆ ಅದನ್ನೇ ಇನ್ನೊಮ್ಮೆ ಹೇಳಿದಾಗ ಅವ್ವನಿಗೆ ಹಿಗ್ಗೋ ಹಿಗ್ಗು. ನಮ್ಮ ಬಾಯಲ್ಲಿ ಅವಳು ಉಲ್ರಿಕಕ್ಕ. ಉಲ್ರಿಕಕ್ಕ ಒಂದು ದಿನ ಗೋಡೆಯ ಮೇಲೆ ಬೆರಳಿನಿಂದ ತಾಳ ಬಡಿದಳು. ಮರುದಿನ ಆ ತಾಳ ಕೇಳಿಸಿದಾಗ ಅದರ ಮೇಲೆ ಗುನುಗಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಬ್ಬಳೇ ಇಬ್ಬರಾಗಿ ಹಾಡಿದ್ದನ್ನು ಕಂಡು ನನ್ನ ಮೈ ಝುಂ ಎಂದಿತು, ಈಗ ಹೇಳುವಾಗಲೂ ಅನ್ನುತ್ತಿದೆ.

ಅವಳು ಹೋದ ಮರುವರ್ಷ ಪಾರ್ಸೆಲ್ ಬಂತು. ಒಳಗೊಂದು ಕ್ಯಾಸೆಟ್, ಕೈಯಿಂದ ಅಂಟಿಸಿದ ಕಪ್ಪು ಕಾಗದದ ಹೊದಿಕೆ. ಮೂವರು ಸೇರಿ ಒಂದು ಗುಂಪು ಕಟ್ಟಿದ್ದರಂತೆ. ಹೆಸರು ಆಶೆನ್‌ಗ್ಲೋಕೆ, ಎಂದರೆ ಬೂದಿಯ ಗಂಟೆ. ಕೀಬೋರ್ಡಿಗೆ ಉಲ್ರಿಕಕ್ಕ, ತಾಳದ ಯಂತ್ರಕ್ಕೆ ರೇಡಿಯೋ ರಿಪೇರಿಯ ಡೀಟರ್, ಹಾಡಲು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಕೊನ್ರಾಡ್. ಮುಚ್ಚಿದ ಕಾರ್ಖಾನೆಯೊಂದರ ಕಲ್ಲಿದ್ದಲ ಕೋಣೆಯಲ್ಲಿ ಅವರ ಅಭ್ಯಾಸ. ನಾನು ಅಂಗಡಿಯ ದೊಡ್ಡ ಡೆಕ್ಕಿಗೆ ಹಾಕಿದೆ. ಯಂತ್ರ ಧಬ್ ಧಬ್ ಎಂದಿತು, ಕೀಬೋರ್ಡು ಎಲ್ಲಿಂದಲೋ ಎದ್ದು ಬಂತು, ಆಮೇಲೆ ಆ ಮನುಷ್ಯನ ದನಿ! ಬಾವಿಯ ತಳದಿಂದ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಯಿತು. ಅರ್ಥ ಒಂದಕ್ಷರ ಗೊತ್ತಾಗಲಿಲ್ಲ. ಆ ದಿನ ಹನ್ನೊಂದು ಸಲ ಕೇಳಿದೆ. ಮರುದಿನ ಅಂಗಡಿ ತಾನೇ ಹನ್ನೊಂದು ಸಲ ಕೇಳಿಸಿತು, ಅಪ್ಪ ಎರಡು ದಿನ ಹೊರಗೆ ಕಟ್ಟೆಯ ಮೇಲೆ ಕೂತರು.

ಎರಡನೆಯ ಕ್ಯಾಸೆಟ್ಟಿನ ಮೇಲೆ ಫೋಟೋ ಇತ್ತು. ಮೂವರೂ ಕಪ್ಪು ಕೋಟು ತೊಟ್ಟು, ಮುಖಕ್ಕೆ ಬಿಳಿ ಪೌಡರು, ಕಣ್ಣಿಗೆ ಕಾಡಿಗೆ ಹಚ್ಚಿ, ಮುರುಕು ಗೋಡೆಗೆ ಒರಗಿದ್ದರು. ಅವ್ವ ನೋಡಿ, “ಏನ್ ಹಲ್ಲುನೋವೇನ ಈ ಮಂದೀಗೆ? ಒಬ್ಬರೂ ನಗಾಕತ್ತಿಲ್ಲ” ಎಂದಳು. ಮೊದಲ ಕಛೇರಿಗೆ ನಲವತ್ತು ಜನ ಬಂದಿದ್ದರು, ಅದರಲ್ಲಿ ಹನ್ನೆರಡು ಜನ ಬೇಕರಿಯವರು ಎಂದು ಉಲ್ರಿಕಕ್ಕ ಬರೆದಿದ್ದಳು. ಮೂರನೆಯದು ಬಂದಾಗ ನಾನು ಅಂಗಡಿ ನೋಡಿಕೊಳ್ಳುತ್ತಿದ್ದೆ. ಅದರೊಳಗಿನ ಒಂದು ಹಾಡು ಅಲ್ಲಿನ ಊರೂರಿನ ಡಾನ್ಸ್ ಹಾಲ್‌ಗಳಲ್ಲಿ ಹತ್ತಿಕೊಂಡಿತ್ತು. ‘ನಿನ್ನೆ ಮೂರು ಸಾವಿರ ಜನರು ಕಪ್ಪು ವಸ್ತ್ರವನ್ನು ಧರಿಸಿ ನರ್ತಿಸಿದರು, ನಾವು ದಿಗ್ಭ್ರಾಂತರಾದೆವು’ ಎಂಬ ಕಾಗದ ಓದಿ ನಾನು ಅಂಗಡಿಯಲ್ಲಿ ಒಬ್ಬಳೇ ಕುಣಿದೆ. ಆ ಸಂತೋಷದಲ್ಲಿ ಗೌಡರ ಹೊಸಮನೆಯ ಗೃಹಪ್ರವೇಶಕ್ಕೆ ಅದನ್ನೇ ಹಾಕಿಬಿಟ್ಟೆ. ಮರುದಿನ ಗೌಡರ ಮನೆಯವರು ಹೊಸ ಗೋಡೆಗಳಿಂದ ಆ ದನಿ ಬಂದದ್ದು ಕೇಳಿ ಇನ್ನೊಂದು ಹೋಮ ಮಾಡಿಸಿದರು.

ನಾಲ್ಕನೆಯದು ಸಿ.ಡಿ. ಅದರ ಜೊತೆ ಬಂದ ಕಾಗದ ಸಣ್ಣದು. ಜಗಳವಾಗಿತ್ತು. ಕೊನ್ರಾಡ್ ಯಾವಾಗಲೂ ತಾಳಕ್ಕಿಂತ ಅರ್ಧ ಪೆಟ್ಟು ತಡವಾಗಿ ಹಾಡುತ್ತಾನೆ, ಯಂತ್ರ ತಪ್ಪುವುದಿಲ್ಲ, ತಪ್ಪುವವನು ಅವನೇ ಎಂದು ಡೀಟರ್ ಗುಂಪು ಬಿಟ್ಟು ರೇಡಿಯೋ ಅಂಗಡಿಗೆ ಮರಳಿದ್ದ. ಎಂಟು ವರ್ಷ ಸುದ್ದಿಯಿಲ್ಲ. ನನ್ನ ಮಟ್ಟಿಗೆ ಅದು ತಡವಲ್ಲ. ಆ ಅರ್ಧ ಪೆಟ್ಟಿನ ಸಲುವಾಗಿಯೇ ನಾನು ಆ ಹಾಡುಗಳನ್ನು ಕೇಳುತ್ತಿದ್ದದ್ದು. ಎಲ್ಲರೂ ಬಂದು ಸೇರಿದ ಮೇಲೆ ಬಾಗಿಲು ದೂಡಿಕೊಂಡು ಬರುವ ನೆಂಟನಂತೆ ಬರುತ್ತಿತ್ತು ಆ ದನಿ. ಕೊನೆಗೆ ಡೀಟರನಿಗೂ ಹಾಗೆಯೇ ಅನ್ನಿಸಿರಬೇಕು. ತಿರುಗಿ ಬಂದ, ಐದನೆಯ ಸಿ.ಡಿ. ಬಂತು, ಫೋಟೋದಲ್ಲಿ ಮೂವರ ಕೂದಲೂ ಬೆಳ್ಳಗಾಗಿತ್ತು.

ಹೋದ ವರ್ಷ ಇನ್ನೊಂದು ಕಾಗದ ಬಂತು. ಕೊನ್ರಾಡನ ಗಂಟಲಿನಲ್ಲಿ ಗಡ್ಡೆ. ಮುಂದಿನ ತಿಂಗಳು ಧ್ವನಿಪೆಟ್ಟಿಗೆಯನ್ನು ತೆಗೆಯುತ್ತಾರೆ. ಅಷ್ಟರೊಳಗೆ ಹಾಡುವುದಾದರೆ ಒಂದು ಹಾಡು, ಹೆಚ್ಚೆಂದರೆ ಎರಡು. ಅವನಿಗೆ ಒಂದೇ ಆಸೆಯಂತೆ. ಮೂವತ್ತು ವರ್ಷ ಅವನು ಗುಂಪಿನ ಮುಂದೆ ನಿಂತು, ಗುಂಪಿಗೆ ಬೆನ್ನು ಮಾಡಿ ಹಾಡಿದವನು. ಜನರ ನಡುವೆ ಕೂತು ತನ್ನ ಗುಂಪನ್ನು ಎದುರಿನಿಂದ ಒಂದು ಸಲವೂ ಕೇಳಿಲ್ಲ. ಟೇಪು ಬೇಡ, ಟೇಪಿನಲ್ಲಿ ಉಸಿರು ಇರುವುದಿಲ್ಲ. ‘ಆದುದರಿಂದ ನಾವು ತಮ್ಮ ಊರಿಗೆ ಬರುತ್ತಿದ್ದೇವೆ, ತಂಗಿ’ ಎಂದು ಮುಗಿಸಿದ್ದಳು ಉಲ್ರಿಕಕ್ಕ. ನಾನು ಕಾಗದ ಹಿಡಿದುಕೊಂಡು ಬೀದಿಗೆ ಓಡಿದೆ, ಯಾರಿಗೆ ಹೇಳಬೇಕು ಎಂದು ತಿಳಿಯದೆ ಎದುರಿಗೆ ಸಿಕ್ಕ ಪೋಸ್ಟ್‌ಮ್ಯಾನನಿಗೇ ಓದಿ ಹೇಳಿದೆ.

ಬೇಸಿಗೆಯ ಒಂದು ಮಧ್ಯಾಹ್ನ ಬಸ್ಸಿನಿಂದ ಮೂವರೂ ಇಳಿದರು. ಕಪ್ಪು ಕೋಟು, ಕಾಡಿಗೆ, ಕಬ್ಬಿಣದ ಪೆಟ್ಟಿಗೆಗಳು. ಕೊನ್ರಾಡ್ ಬಾಗಿಲಿಗೆ ತಲೆ ತಾಗಿಸಿಕೊಂಡೇ ಇಳಿಯುವಷ್ಟು ಎತ್ತರ. ಊರು ಕಣ್ಣು ಬಾಯಿ ಬಿಟ್ಟುಕೊಂಡು ನಿಂತಿತು. ಅರಳೆ ಗಿರಣಿಯ ಗೇಟಿನ ಬಳಿ ಮಿರ್ಚಿ ಭಜಿ ಕರಿಯುವ ತಿಪ್ಪವ್ವಾಯಿ ತೂತಿನ ಸೌಟು, ಅದೇ ಜಾರಿ, ಹಿಡಿದುಕೊಂಡೇ ನೋಡಿದಳು. ಎಂಬತ್ತರ ಮುದುಕಿ, ಊರಿನಲ್ಲಿ ತಾಟು ಬಡಿಯುವುದಕ್ಕೆ ಕೈ ಎತ್ತಿ ಸನ್ನೆ ಕೊಡುವವಳು ಅವಳೇ.

“ಕೂಸಿಗೆ ದೃಷ್ಟಿ ಆಗಬಾರದಂತ ಗಲ್ಲಕ್ಕ ಒಂದು ಬೊಟ್ಟು ಕಪ್ಪ ಇಡತೇವಿ. ಇವರು ಮೈತುಂಬ ಹಾಕ್ಕೊಂಡಾರಂದ್ರ ಎಷ್ಟು ಮಂದಿ ಕಣ್ಣು ಬಿದ್ದಿರಬೇಕವ್ವಾ, ಪಾಪ!” ಎಂದು ಮೂವರ ಕೈಗೂ ಬಿಸಿ ಭಜಿ ಇಟ್ಟಳು. ಕೊನ್ರಾಡ್ ಒಂದು ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡ. ಕಾಡಿಗೆ ಕೆನ್ನೆಯವರೆಗೆ ಇಳಿಯಿತು.

ಉಲ್ರಿಕಕ್ಕ ನನ್ನನ್ನು ತಬ್ಬಿಕೊಂಡು, “ಇಂದಿರಾ, ನಿನ್ನ ಕೂದಲೂ ಅಲ್ಪ ಬೆಳ್ಳಗಾಗಿದೆ” ಎಂದಳು. ಮೂವತ್ತೆರಡು ವರ್ಷದ ಮೇಲೆ ಆಡಿದ ಮೊದಲ ಮಾತು!

ಯೋಜನೆ ಡೀಟರನದು, ಗಡಿಯಾರ ನನ್ನದು. ಜಾಗ ಮುಚ್ಚಿದ ಅರಳೆ ಗಿರಣಿಯ ಅಂಗಳ, ಅಲ್ಲೊಂದು ಎತ್ತರದ ಕಲ್ಲಿನ ಕಟ್ಟೆ ಇದೆ. ಮೊದಲ ದಿನ ಸರಿಯಾಗಿ ನಾಲ್ಕು ಗಂಟೆಗೆ ಯಂತ್ರ, ಕೀಬೋರ್ಡು ಎರಡನ್ನೂ ಶುರು ಮಾಡುವುದು, ಆದರೆ ಸ್ಪೀಕರಿಗೆ ಸೇರಿಸದೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೆ ಮಾತ್ರ ಕೊಡುವುದು. ಹೊರಗೆ ಗಾಳಿಗೆ ಬರುವುದು ಕೊನ್ರಾಡನ ದನಿಯೊಂದೇ. ಎರಡನೆಯ ದಿನ ಅದೇ ಸೆಕೆಂಡಿಗೆ ಯಂತ್ರ ಶುರು, ಈ ಸಲ ನನ್ನ ಎಂಟು ದೊಡ್ಡ ಸ್ಪೀಕರುಗಳಲ್ಲಿ. ಡೀಟರ್, ಉಲ್ರಿಕಕ್ಕ ಕಟ್ಟೆಯ ಬುಡದಲ್ಲಿ ಬಾರಿಸುತ್ತಾರೆ, ಖಾಲಿ ಕಟ್ಟೆಯ ಮೇಲಿನಿಂದ ನಿನ್ನೆಯ ದನಿ ಬರುತ್ತದೆ, ಕೊನ್ರಾಡ್ ಜನರ ನಡುವೆ ಕೂತಿರುತ್ತಾನೆ. ಹಾಡು ಮೊದಲ ಕ್ಯಾಸೆಟ್ಟಿನದೇ, ‘ಗಂಟೆ’, ಆರು ನಿಮಿಷ, ನಾಲ್ಕು ಚರಣ. ‘ಗಂಟೆಯು ಬೂದಿಯಾದರೂ ನಾದವು ಅದನ್ನು ಅರಿಯದು’ ಎಂದು ಅದರ ಒಂದು ಸಾಲಿನ ಅರ್ಥವನ್ನು ಉಲ್ರಿಕಕ್ಕ ಅವತ್ತು ಹೇಳಿದಳು. ನಾನು ಗಡಿಯಾರದವನ ಹತ್ತಿರ ಹೋಗಿ ಕೈಗಡಿಯಾರಕ್ಕೆ ಮೂರು ಸಲ ಸಮಯ ಸರಿ ಮಾಡಿಸಿಕೊಂಡು ಬಂದೆ.

ಮೊದಲ ದಿನ ನಾಲ್ಕಕ್ಕೆ ನಾನು ಕೈ ಇಳಿಸಿದೆ, ಡೀಟರ್ ಗುಂಡಿ ಒತ್ತಿದ. ಸದ್ದಿಲ್ಲ. ಕೊನ್ರಾಡ್ ಕಟ್ಟೆಯ ಮೇಲೆ ಹೆಡ್‌ಫೋನಿನಿಂದ ಕಿವಿ ಮುಚ್ಚಿಕೊಂಡು ನಿಂತಿದ್ದ, ಕೆಮ್ಮಿದ, ಬಾಯಿ ತೆರೆದ. ಬಂತು! ಕ್ಯಾಸೆಟ್ಟಿನದ್ದಲ್ಲ, ಡೆಕ್ಕಿನದ್ದಲ್ಲ, ಹತ್ತು ಮಾರು ದೂರದಲ್ಲಿ ನಿಂತ ಮನುಷ್ಯನ ಎದೆಯಿಂದ. ಒಂದು ಚರಣ, ಎರಡು, ಮೂರು. ನಾಲ್ಕನೆಯದರ ಮೊದಲ ಸಾಲಿಗೆ ದನಿ ಬಿರಿಯಿತು. ಮತ್ತೆ ಹಿಡಿಯಲು ನೋಡಿದ, ಬರೀ ಗಾಳಿ ಬಂತು. ಅವನು ಹೆಡ್‌ಫೋನು ಕಿತ್ತು ಕಟ್ಟೆಯ ಮೇಲೆ ಕುಸಿದು ಕೂತು ಅತ್ತುಬಿಟ್ಟ. ಬಾಯಿ ಬಿಟ್ಟು, ಒಡೆದ ಗಂಟಲಿನಿಂದ, ಅಂಗಳ ತುಂಬುವ ಹಾಗೆ ಅತ್ತ. ಉಲ್ರಿಕಕ್ಕ ಓಡಿಹೋಗಿ ಅವನ ತಲೆ ಹಿಡಿದುಕೊಂಡಳು. ಅವನು ಏನೋ ಹೇಳಲು ತುಟಿ ಆಡಿಸಿದ, ದನಿ ಇರಲಿಲ್ಲ. ಎರಡನೆಯ ಹಾಡು ಇನ್ನಿಲ್ಲ ಎಂದು ಮೂವರಿಗೂ ತಿಳಿಯಿತು, ನನಗೂ ತಿಳಿಯಿತು.

“ನಾಳೆಯದನ್ನು ನಿಲ್ಲಿಸೋಣವೇ?” ಎಂದು ಉಲ್ರಿಕಕ್ಕ ಅವನನ್ನು ಅವರ ಭಾಷೆಯಲ್ಲಿಯೂ ನನ್ನನ್ನು ಕನ್ನಡದಲ್ಲಿಯೂ ಕೇಳಿದಳು. ಕೊನ್ರಾಡ್ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಒಂದೇ ಶಬ್ದ ಬರೆದು ತೋರಿಸಿದ. ನಾಳೆ ಎಂದು.

ನಾನು ಹಿಂದೆ ಮುಂದೆ ನೋಡಲಿಲ್ಲ. ಆಟೋ ಮೇಲೆ ಮೈಕು ಕಟ್ಟಿಸಿ ಸಂಜೆಯೊಳಗೆ ಊರೆಲ್ಲ ಸುತ್ತಿದೆ. “ನಾಳೆ ನಾಕು ಗಂಟೇಕ್ಕ ಅರಳೆ ಗಿರಣ್ಯಾಗ, ಜರ್ಮನಿಯವರು, ಎಲ್ಲಾರೂ ತಪ್ಪದ ಬರ್ರಿ!” ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಇರುವುದು ಹಾಡು ಎಂದು ಹೇಳಲಿಲ್ಲ. ನನ್ನ ತಲೆಯೊಳಗೆ ಹಾಡೇ ತುಂಬಿತ್ತಲ್ಲ, ಬೇರೆಯವರ ತಲೆಯಲ್ಲೂ ಅದೇ ಇದೆ ಎಂದುಕೊಂಡೆ. ಇಪ್ಪತ್ತು ವರ್ಷ ಮೈಕು ಹಿಡಿದು ಬಾಳಿದವಳು ಇಂಥ ದಡ್ಡತನ ಮಾಡಬಹುದೇ?

ಮರುದಿನ ಮೂರೂವರೆಗೆ ಜನ ಬರತೊಡಗಿದರು. ನೂರು, ಇನ್ನೂರು, ನಾನೂರು! ನಾನು ಸ್ಪೀಕರಿನ ತಂತಿ ಜೋಡಿಸುತ್ತಾ ಹಿಗ್ಗಿಹೋಗಿದ್ದೆ. ಆಮೇಲೆ ಅವರ ಕೈ ನೋಡಿದೆ. ಎಲ್ಲರ ಕೈಯಲ್ಲೂ ತಾಟು. ಸ್ಟೀಲಿನ ತಾಟು, ಹಿತ್ತಾಳೆಯ ತಾಟು, ಪರಾತ, ಕಡಾಯಿಯ ಮುಚ್ಚಳ, ಜೊತೆಗೆ ಸೌಟು ಲಟ್ಟಣಿಗೆ. ನಾನೂರು ತಾಟು ಒಮ್ಮೆಗೆ ಎದ್ದರೆ ಎಂಟು ಸ್ಪೀಕರು ಏನು ಮಾಡೀತು? ನಿನ್ನೆಯ ದನಿ ಬರುವುದು ಒಂದೇ ಸಲ. ಈ ಸಲ ಮುಚ್ಚಿಹೋದರೆ ಅವನು ಕೇಳದೆಯೇ ಹೋಗುತ್ತಾನೆ, ಮುಚ್ಚಿದವಳು ನಾನಾಗುತ್ತೇನೆ. ಮೈಕಿಗೆ ಹಾರಿದೆ.

“ತಾಟ ಕೆಳಗ ಇಡ್ರೀ! ಕೈಮುಗೀತೇನಿ, ಅದು ಅಳು ಅಲ್ರೀ, ಹಾಡು! ಹಾಡು ಕೇಳಾಕ ಕರದೇನಿ!”

ತಿಪ್ಪವ್ವಾಯಿ ಹಿತ್ತಾಳೆಯ ತಾಟು ಬಗಲಲ್ಲಿಟ್ಟುಕೊಂಡು ಮುಂದೆ ಬಂದಳು. “ಇಂದಿರಾ, ನನ್ನ ಕಿವಿ ಇನ್ನೂ ಹೋಗಿಲ್ಲ. ಗ್ವಾಡಿ ಆಚೆಗೆ ಭಜಿ ಕರಕೋತ ಎಲ್ಲಾ ಕೇಳೇನಿ. ಮೊದಲಿಂದು ಹಾಡ, ಒಪ್ಪತೇನಿ. ಕಡೀಕ ಆಗಿದ್ದು ಅಳು. ಆ ಮನಿಶಾ ಅದನ್ನ ಮತ್ತೊಂದ ಸಲ ಮಂದ್ಯಾಗ ಕೂತು ಕೇಳಬೇಕೇನು? ನಿಮ್ಮಪ್ಪ ಸತ್ತಾಗ ನೀ ಅತ್ತದ್ದಕ್ಕ ಯಾರು ತಾಟ ಬಡದ್ರು?”

“ನೀವ, ಆಯಿ.”

“ಹಾಂ. ಹಂಗಾದ್ರ ಕೇಳು. ಹಾಡ ಇರೂತನಕ ನಾವು ಉಸಿರು ಬಿಡೂದಿಲ್ಲ. ಅಳು ಬಂತಂದ್ರ ಬಡಿಯೂದ. ನಾ ಕೈ ಎತ್ತೂತನಕ ಯಾರೂ ಬಡಿಯಂಗಿಲ್ಲ!” ಎಂದು ಹಿಂದೆ ತಿರುಗಿ ಗದರಿದಳು. ನಾನೂರು ಜನ ತಲೆ ಆಡಿಸಿದರು. ಆದರೆ ನಾನೂರು ಜನರ ಕೈ ನಂಬುವುದು ಹೇಗೆ? ಅದರಲ್ಲಿ ನೂರು ಮಕ್ಕಳು.

ಉಲ್ರಿಕಕ್ಕ ಇದನ್ನೆಲ್ಲ ಕೊನ್ರಾಡನಿಗೆ ಹೇಳಿದಳು. ಅವನು ಹೋಗಿ ಅಂಗಳದ ಬೇವಿನ ಮರದ ಕೆಳಗೆ, ತಿಪ್ಪವ್ವಾಯಿಯ ಪಕ್ಕದಲ್ಲೇ, ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತ.

ನಾಲ್ಕಕ್ಕೆ ಹತ್ತು ಸೆಕೆಂಡು. ಐದು. ಕೈ ಇಳಿಸಿದೆ. ಧಬ್! ಸ್ಪೀಕರು ಅಂಗಳದ ಧೂಳನ್ನು ಎಬ್ಬಿಸಿತು, ತಾಟುಗಳು ಜನರ ಕೈಯಲ್ಲೇ ಸಣ್ಣಗೆ ನಡುಗಿದವು, ಕೀಬೋರ್ಡು ಏರಿತು. ಖಾಲಿ ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಮರುಗಳಿಗೆ ಆ ದನಿ, ಎದೆ ಉಸಿರು ಸಮೇತ, ತಾಳಕ್ಕಿಂತ ಅರ್ಧ ಪೆಟ್ಟು ತಡವಾಗಿ, ಬಾಗಿಲು ದೂಡಿಕೊಂಡು ಬಂತು. ಡೀಟರ್ ತಲೆ ಎತ್ತಿ ನಕ್ಕ. ಫೋಟೋಗಳಲ್ಲಿ ಮೂವತ್ತು ವರ್ಷ ನಗದವನು ನಕ್ಕ! ನನಗೆ ಕೂಗಬೇಕು ಅನ್ನಿಸಿತು, ಸೆರಗನ್ನು ಬಾಯಿಗೆ ತುರುಕಿಕೊಂಡೆ.

ನಾನು ನೋಡಿದ್ದು ಕೊನ್ರಾಡನನ್ನೇ. ಅವನು ಕತ್ತು ಮುಂದೆ ಮಾಡಿ, ಬಾಯಿ ಅರ್ಧ ತೆರೆದು, ತನ್ನ ಗುಂಪನ್ನು ನೋಡುತ್ತಿದ್ದ. ಉಲ್ರಿಕಕ್ಕನ ಕೈಬೆರಳನ್ನು, ಡೀಟರನ ಕುಣಿಯುವ ಭುಜವನ್ನು ಅವನು ಎದುರಿನಿಂದ ಯಾವತ್ತು ಕಂಡಿದ್ದ? ಎರಡನೆಯ ಚರಣದ ನಡುವೆ ಯಾರದೋ ಕೈಯಿಂದ ತಾಟು ಜಾರಿ ಠಣ್ ಎಂದಿತು. ತಿಪ್ಪವ್ವಾಯಿ ತಿರುಗಿ ನೋಡಿದ ನೋಟಕ್ಕೆ ಮಿಕ್ಕ ತಾಟುಗಳೆಲ್ಲ ಎದೆಗೆ ಅಂಟಿಕೊಂಡವು. ಮೂರನೆಯ ಚರಣ ಮುಗಿಯಿತು. ನಾನೂರು ಜನ ಮಾತು ಉಳಿಸಿಕೊಂಡಿದ್ದರು.

ನಾಲ್ಕನೆಯದರ ಮೊದಲ ಸಾಲು. ದನಿ ಬಿರಿಯಿತು. ಕೊನ್ರಾಡ್ ಕಣ್ಣು ಮುಚ್ಚಿದ. ಕಟ್ಟೆಯ ಮೇಲಿನಿಂದ ಮೊದಲ ಬಿಕ್ಕು ಏಳುವುದಕ್ಕೂ ತಿಪ್ಪವ್ವಾಯಿಯ ಕೈ ಏಳುವುದಕ್ಕೂ ಸರಿಹೋಯಿತು.

ನಾನೂರು ತಾಟು! ಯಂತ್ರ ಇನ್ನೂ ಧಬ್ ಧಬ್ ಎನ್ನುತ್ತಲೇ ಇತ್ತು, ಜನ ಅದಕ್ಕೇ ಸರಿಯಾಗಿ ಬಡಿದರು. ಧಬ್ ಠಣ್, ಧಬ್ ಠಣ್! ಗಿರಣಿಯ ತಗಡು ಅದುರಿತು, ಕಾಗೆಗಳು ಎದ್ದವು, ಅಳು ಎಲ್ಲಿ ಹೋಯಿತೋ ಯಾರಿಗೆ ಗೊತ್ತು. ಡೀಟರ್ ಎರಡೂ ಕೈ ಮೇಲೆತ್ತಿ ಯಂತ್ರದ ಹಿಂದೆ ಕುಣಿದ. ಹಾಡಿಗೆ ಆರು ನಿಮಿಷ ಎಂದಿದ್ದರು, ಉಲ್ರಿಕಕ್ಕ ಹನ್ನೊಂದು ನಿಮಿಷ ಎಳೆದಳು. ಆ ಗದ್ದಲದಲ್ಲಿ ತಿಪ್ಪವ್ವಾಯಿ ಭಜಿಯ ಜಾರಿಯನ್ನೂ ತನ್ನ ತಾಟನ್ನೂ ಕೊನ್ರಾಡನ ಕೈಗೆ ಕೊಟ್ಟದ್ದನ್ನು ಕಂಡೆ. ಅವನು ಎದ್ದು ನಿಂತು ಬಡಿಯತೊಡಗಿದ. ಅಷ್ಟು ಸದ್ದಿನಲ್ಲಿ ಅವನ ತಾಟು ಬೇರೆಯಾಗಿ ನನಗೆ ಕೇಳಿಸಲಿಲ್ಲ, ನಾನು ಸೆರಗು ಉಗುಳಿ ಕಿರುಚುತ್ತಿದ್ದೆ.

ಎಲ್ಲ ನಿಂತ ಮೇಲೆ ಅವನು ಪುಸ್ತಕ ತೆಗೆದು ಬರೆದ. ಉಲ್ರಿಕಕ್ಕ ಓದಿದಳು, ಓದಲಾರದೆ ನಿಲ್ಲಿಸಿದಳು, ಮತ್ತೆ ಓದಿದಳು. “ಅವನು ಹೀಗೆ ಬರೆದಿದ್ದಾನೆ, ತಂಗಿ. ನಮ್ಮ ಗುಂಪು ಚೆನ್ನಾಗಿದೆ.”

ಮರುದಿನ ಮಧ್ಯಾಹ್ನದ ಬಸ್ಸಿಗೆ ಅವರು ಹೊರಟರು, ಆಸ್ಪತ್ರೆಯ ದಿನ ಹತ್ತಿರವಿತ್ತು. ಬಸ್ಸು ಹತ್ತುವ ಮೊದಲು ಕೊನ್ರಾಡ್ ನನ್ನ ತಲೆಯ ಮೇಲೆ ಕೈಯಿಟ್ಟ. ಕೈಗೆ ಭಜಿಯ ಎಣ್ಣೆ ವಾಸನೆ ಇತ್ತು. ಕೇಳಿಸುವ ಮಾತು ಅವನ ಬಳಿ ಇರಲಿಲ್ಲ. ನಾನು ಅಳು ನುಂಗಿ ಅವರ ಪೆಟ್ಟಿಗೆಗಳನ್ನು ಬಸ್ಸಿಗೆ ಎತ್ತಿಕೊಟ್ಟೆ, ಬಸ್ ಸ್ಟ್ಯಾಂಡಿನಲ್ಲಿ ನನ್ನ ಅಳುವಿಗೆ ಯಾರು ತಾಟು ಬಡಿಯಬೇಕು?

ನಾಲ್ಕಕ್ಕೆ ಸ್ವಲ್ಪ ಮೊದಲೇ ಗಿರಣಿಗೆ ಹೋದೆ. ತಿಪ್ಪವ್ವಾಯಿ ಬೇವಿನ ಮರದ ಕೆಳಗೆ ಕೂತಿದ್ದಳು, ಕೈ ಖಾಲಿ. ಪಕ್ಕದಲ್ಲಿ ಕೂತೆ. ಮೊದಲು ನಾನು ಕೈಮುಗಿದು ಬೇಡಿಕೊಂಡದ್ದು ಕೇಳಿಸಿತು, ನಾಚಿಕೆಯಾಯಿತು. ಆಮೇಲೆ ಧಬ್. ಸ್ಪೀಕರು ಒಂದೂ ಇಲ್ಲದ ಅಂಗಳದಲ್ಲಿ ಕೀಬೋರ್ಡು ಏರಿತು. ಕಟ್ಟೆಯ ಮೇಲಿನಿಂದ ಏನೂ ಬರಲಿಲ್ಲ. ತಿರುಗಿ ಬಂದ ಸದ್ದು ಇನ್ನೊಮ್ಮೆ ಬರುವುದಿಲ್ಲ. ಒಂದು ಚರಣ ಖಾಲಿ, ಎರಡು ಖಾಲಿ, ನಡುವೆ ಆ ಜಾರಿದ ತಾಟಿನ ಠಣ್, ಮೂರು ಖಾಲಿ. ಈ ದನಿ ಇನ್ನು ಯಾವ ಊರಿನಲ್ಲೂ ಯಾವ ನಾಳೆಗೂ ಇಲ್ಲ ಎಂದು ನನಗೆ ಆಗ ಮನಸ್ಸಿಗೆ ಇಳಿಯಿತು. ಆಮೇಲೆ ತಾಟುಗಳು ಎದ್ದವು. ನಾನೂರೂ ಒಂದೇ ಪೆಟ್ಟಿಗೆ ಬೀಳುತ್ತಿದ್ದವು. ಒಂದು ಬಿಟ್ಟು. ನಮ್ಮ ಪಕ್ಕದಲ್ಲೇ, ಗಾಳಿಯಲ್ಲಿ, ಒಂದು ಹಿತ್ತಾಳೆಯ ತಾಟು ಪ್ರತಿ ಸಲವೂ ಎಲ್ಲರೂ ಬಂದ ಮೇಲೆ ಬರುತ್ತಿತ್ತು. ಅರ್ಧ ಪೆಟ್ಟು ತಡ.

ನನ್ನ ಕೈ ತಾನಾಗಿ ಆ ಸದ್ದಿನ ಕಡೆಗೆ ಚಾಚಿತು. ತಿಪ್ಪವ್ವಾಯಿಯೂ ಕಿವಿ ನಿಮಿರಿಸಿದಳು. ಹನ್ನೊಂದನೆಯ ನಿಮಿಷ ಮುಗಿಯುವವರೆಗೆ ಇಬ್ಬರೂ ಅಲ್ಲೇ ಕೂತೆವು. ಎಲ್ಲ ಮುಗಿದ ಮೇಲೆ ಅವಳು ಕೇಳಿದಳು, ನಾನು ಹೇಳಿದೆ.

ನಾಲ್ಕನೆಯ ದಿನ ಒಬ್ಬಳೇ ಹೋದೆ. ಅಂಗಳದಲ್ಲಿ ಯಂತ್ರವಿರಲಿಲ್ಲ, ತಾಟಿರಲಿಲ್ಲ, ಬೇವಿನ ಎಲೆಗಳ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಾಲ್ಕು ಗಂಟೆ ಹನ್ನೊಂದು ನಿಮಿಷದವರೆಗೆ ಕಾದೆ. ಮರದ ಕೆಳಗೆ ನಮ್ಮಿಬ್ಬರ ಮಾತು ಕೇಳಿಸಿತು.

“ಯಾರದ ಇಂದಿರಾ ಅದು, ಹಿಂದ ಬೀಳೂದು?”

“ನಮ್ಮ ಕೊನ್ರಾಡಂದು, ಆಯಿ.”